ಸುಮ್ಮನಿರುವ ಮೂರನೆಯ ತಂತಿ

ಇವತ್ತು ಸೊನ್ನೆ ಯಾವುದು, ಒಂದು ಯಾವುದು? ಎಡಗಡೆಯದು ಎಡಗಡೆಯದೇ ತಾನೆ? ನಿನ್ನೆ ಸಂಜೆ ನೋಡಿದಾಗ ಸರಿಯಿತ್ತು. ಆದರೆ ನಿನ್ನೆ ಸರಿಯಿದ್ದದ್ದು ಇವತ್ತೂ ಸರಿಯಿರುತ್ತದೆ ಎಂದು ಹೇಗೆ ನಂಬುವುದು? ಎರಡು ವರ್ಷದಿಂದ ಒಂದು ಸಲವೂ ತಪ್ಪಿಲ್ಲ, ನಿಜ. ಆದರೆ ಆಗಲೂ ಎಂಟು ತಿಂಗಳು ತಪ್ಪಿರಲಿಲ್ಲ.

ಹೀಗೆ ಒಳಗೊಳಗೇ ಕೇಳಿಕೊಳ್ಳುತ್ತ ಜುಂಜೇಶ್ ಹತ್ತು ಕೆ.ಜಿ.ಯ ತೂಕದ ಕಲ್ಲನ್ನು ಎಡಗಡೆಯ ತಕ್ಕಡಿಯ ಮೇಲಿಡುತ್ತಾರೆ. ಕಂಪ್ಯೂಟರ್ ಪರದೆಯ ಎಡ ಅರ್ಧದಲ್ಲಿ 10.0 ಎಂದು ಬರುತ್ತದೆ. ಕಲ್ಲನ್ನು ಎತ್ತಿ ಬಲಗಡೆಯದರ ಮೇಲಿಡುತ್ತಾರೆ. ಬಲ ಅರ್ಧದಲ್ಲಿ 10.0. ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ನೊಣವಿನಕೆರೆಯ ಆಚೆಗಿನ ಈ ಊರಿನ ತೆಂಗು ಬೆಳೆಗಾರರ ಸಂಘದ ಗೋದಾಮಿನ ಮುಂದೆ ಆಗಲೇ ಎರಡು ಎತ್ತಿನ ಗಾಡಿ, ನಾಲ್ಕು ಮೊಪೆಡ್ಡು, ಒಂದು ಟ್ರ್ಯಾಕ್ಟರು ಬಂದು ನಿಂತಿವೆ. ಎಲ್ಲದರ ಮೇಲೂ ಕೊಬ್ಬರಿ ತುಂಬಿದ ಗೋಣಿಚೀಲ. ತಿಪಟೂರಿಗೆ ಹೋಗುವ ಲಾರಿ ಏಳೂವರೆಗೆ ಹೊರಡುತ್ತದೆ. ಅಷ್ಟರೊಳಗೆ ನೂರ ಹತ್ತು, ನೂರ ಇಪ್ಪತ್ತು ಚೀಲ ತೂಗಿ ಆಗಬೇಕು.

"ಸಂಶಯ ಇನ್ನೂ ಹೋಗ್ಲಿಲ್ವೇನಪ್ಪಾ ನಿಂಗೆ?" ಎನ್ನುತ್ತಾರೆ ಕಂಪ್ಯೂಟರಿನ ಮುಂದೆ ಕುಳಿತಿರುವ ಸಿದ್ದಗಂಗಮ್ಮ. ಸಂಘದಲ್ಲಿ ಹದಿಮೂರು ವರ್ಷದಿಂದ ತೂಕದ ಕೆಲಸ ಅವರದು. "ಮದ್ವೆ ಗಂಡೂ ಹೆಣ್ಣಿನ ಮೊಖಾನ ಇಷ್ಟು ಸಲ ನೋಡಕ್ಕಿಲ್ಲ."

"ಇನ್ನೊಂದ್ ಸಲ ಇಟ್‌ಬುಡ್ತೀನಿ ಕಣಕ್ಕ. ಕಲ್ಲೇನು ಸವ್ದೋಗಲ್ಲ."

"ಕಲ್ಲು ಸವೆಯಲ್ಲ, ನಿನ್ ಸೊಂಟ ಸವೀತದೆ."

ಗಾಡಿಯ ಪಕ್ಕ ನಿಂತವರು ನಗುತ್ತಾರೆ. ಜುಂಜೇಶ್ ನಗುವುದಿಲ್ಲ, ಕಲ್ಲನ್ನು ಮತ್ತೊಮ್ಮೆ ಎಡಕ್ಕಿಟ್ಟು, ಪರದೆ ನೋಡಿ, ಆಮೇಲಷ್ಟೇ ಬದಿಗೆ ಸರಿಯುತ್ತಾರೆ. ಮೊದಲ ಚೀಲ ತಕ್ಕಡಿಯ ಮೇಲೆ ಬೀಳುತ್ತದೆ.

ಮೂವತ್ತನಾಲ್ಕು ವರ್ಷದ ಜುಂಜೇಶ್ ಮಾಡುವ ಕೆಲಸಕ್ಕೆ ಈ ಸೀಮೆಯಲ್ಲಿ ಇನ್ನೂ ಹೆಸರಿಲ್ಲ. ಕೆಲವರು 'ಕಂಪ್ಯೂಟರ್ ರಿಪೇರಿಯವನು' ಎನ್ನುತ್ತಾರೆ, ಕೆಲವರು 'ವೈರಿನವನು'. ಅವರು ಮಾಡುವುದು ಇಷ್ಟು: ಹಳೆಯ ಯಂತ್ರಗಳು ಆಡುವ ಮಾತನ್ನು ಹೊಸ ಕಂಪ್ಯೂಟರಿಗೆ ಕೇಳಿಸುವುದು. ಈ ಸಂಘದ ಎರಡು ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದದ್ದು 1997ರಲ್ಲಿ. ಕಬ್ಬಿಣದ ದೊಡ್ಡ ಮೈ, ನೂರೈವತ್ತು ಕೆ.ಜಿ. ಹೊರುತ್ತವೆ. ತೂಕ ತೋರಿಸುವ ಕೆಂಪು ಅಂಕಿಗಳು ಮಾತ್ರ ಬಹಳ ಹಿಂದೆಯೇ ಕೆಟ್ಟವು. ಎಂಟು ಆರಿನಂತೆ ಕಾಣುತ್ತದೆ, ಏಳು ಒಂದರಂತೆ. ಹೊಸದು ತರುವ ಮಾತು ಪ್ರತಿ ವರ್ಷದ ಸಭೆಯಲ್ಲೂ ಬರುತ್ತದೆ, ಪ್ರತಿ ವರ್ಷವೂ ಮುಂದಕ್ಕೆ ಹೋಗುತ್ತದೆ. ಆದರೆ ತಕ್ಕಡಿಯ ಹಿಂದೆ ಒಂಬತ್ತು ಸೂಜಿಯ ಒಂದು ಕಿಂಡಿ ಇದೆ. ಸೀರಿಯಲ್ ಪೋರ್ಟ್ ಎನ್ನುತ್ತಾರೆ. ಮುಖ ಕೆಟ್ಟರೂ ಆ ಕಿಂಡಿ ಇವತ್ತಿಗೂ ತೂಕವನ್ನು ಸರಿಯಾಗಿ ಹೇಳುತ್ತಲೇ ಇದೆ.

"ತಕ್ಕಡಿ ಸುಮ್ನೆ ಕೂತಿರಲ್ಲ ಕಣ್ರೀ," ಎನ್ನುತ್ತಾರೆ ಜುಂಜೇಶ್. "ಯಾರು ಕೇಳ್ಲಿ ಬುಡ್ಲಿ, ಒಂದೇ ಸಮ ಹೇಳ್ತಾನೇ ಇರ್ತದೆ. ಇಷ್ಟೈತೆ, ಇಷ್ಟೈತೆ, ಇಷ್ಟೈತೆ ಅಂತ. ಅದು ಮಾತಾಡೋ ವೇಗಕ್ಕೆ ನಾವು ಕೇಳ್ಬೇಕು. ವೇಗ ಹೊಂದ್ಲಿಲ್ಲ ಅಂದ್ರೆ ಪರದೆ ಮೇಲೆ ಇರುವೆ ಸಾಲು ಬಂದಂಗೆ ಏನೇನೋ ಬತ್ತದೆ. ತಕ್ಕಡಿ ಕೆಟ್ಟೋಯ್ತು ಅಂತ ಜನ ಎಸೀತಾರೆ. ಕೆಟ್ಟಿರಲ್ಲ ಅದು."

ಮೊದಲಿದ್ದ ಕಂಪ್ಯೂಟರಿಗೂ ಅಂಥವೇ ಎರಡು ಕಿಂಡಿಗಳಿದ್ದವು. ಎರಡು ತಕ್ಕಡಿಗಳ ಕೇಬಲ್ಲುಗಳು ನೇರ ಅದಕ್ಕೇ ಹೋಗುತ್ತಿದ್ದವು. 2005ರ ಬೇಸಿಗೆಯ ಒಂದು ಮಧ್ಯಾಹ್ನ ಗೋದಾಮಿನ ಪಕ್ಕದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಮರವೂ ಹೋಯಿತು, ಕಂಪ್ಯೂಟರೂ ಹೋಯಿತು. ಹೊಸ ಕಂಪ್ಯೂಟರು ಬಂದಾಗ ಅದರ ಬೆನ್ನಲ್ಲಿ ಒಂಬತ್ತು ಸೂಜಿಯ ಕಿಂಡಿಯೇ ಇರಲಿಲ್ಲ. ಇದ್ದವೆಲ್ಲ ಚಪ್ಪಟೆ ಬಾಯಿಯ ಯುಎಸ್‌ಬಿ. ತಂದುಕೊಟ್ಟ ಅಂಗಡಿಯವರು ತಕ್ಕಡಿಗಳನ್ನು ನೋಡಿ, ಇವು ಇನ್ನು ಗುಜರಿಗೆ ಎಂದರು.

ಜುಂಜೇಶ್ ಹೆಸರು ಹೇಳಿದವರು ಸಿದ್ದಗಂಗಮ್ಮ. ಹುಳಿಯಾರಿನ ಟಿ.ವಿ. ರಿಪೇರಿ ಅಂಗಡಿಯಲ್ಲಿದ್ದ ಈ ಯುವಕ ಅವರ ಅಣ್ಣನ ಮನೆಯ ಹಳೆಯ ರೇಡಿಯೊವನ್ನು ಮಾತಾಡಿಸಿದ್ದನ್ನು ಅವರು ಕಂಡಿದ್ದರು. "ಗುಜರಿಗೆ ಆಮೇಲೆ ಹಾಕೋಣ, ಮೊದ್ಲು ಆ ಹುಡುಗನ್ನ ಕರ್ಸಿ ಅಂದೆ," ಎಂದು ಅವರು ನೆನೆಯುತ್ತಾರೆ. ಸಂಘದ ಅಧ್ಯಕ್ಷ ಪರಮಶಿವಯ್ಯನವರಿಗೆ ಅಷ್ಟು ಮನಸ್ಸಿರಲಿಲ್ಲ. ಹಟ್ಟಿಯ ಹುಡುಗನಿಗೆ ಕಂಪ್ಯೂಟರು ಗೊತ್ತಿದ್ದೀತೇ ಎಂದು ಅವರು ಬಾಯಿಬಿಟ್ಟೇ ಕೇಳಿದ್ದರು. ಅದನ್ನು ಈಗ ಅವರೇ ಒಪ್ಪಿಕೊಳ್ಳುತ್ತಾರೆ.

ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿಗೆ ಹೋಗುವ ದಾರಿಯಲ್ಲಿ, ತೋಟಗಳು ತೆಳುವಾಗಿ ಜಾಲಿ ಶುರುವಾಗುವ ಕಡೆ, ಜುಂಜೇಶರ ಗೊಲ್ಲರಹಟ್ಟಿ. ತಂದೆ ಗೊಲ್ಲರಪ್ಪನವರಿಗೆ ಈಗಲೂ ಎಂಬತ್ತು ಕುರಿಗಳಿವೆ. ಮಗ ಹತ್ತನೆಯ ತರಗತಿಯವರೆಗೆ ಶಾಲೆ ಮುಗಿಸಿ ಕುರಿ ಕಾದು, ಮಧ್ಯೆ ಎರಡು ವರ್ಷ ಬಿಟ್ಟು, ತಿಪಟೂರಿನಲ್ಲಿ ಎಲೆಕ್ಟ್ರಾನಿಕ್ಸ್ ಐ.ಟಿ.ಐ. ಮುಗಿಸಿದರು. ಕಂಪ್ಯೂಟರನ್ನು ಯಾರೂ ಕಲಿಸಲಿಲ್ಲ. ತುಮಕೂರಿನಲ್ಲಿ ಕೊಂಡ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಸಿ.ಡಿ. ಬಂದಿತ್ತು. ಯಾರಿಂದಲೂ ಕೇಳಿ ಪಡೆಯಬೇಕಾಗಿಲ್ಲದ, ಒಳಗೆ ಏನು ನಡೆಯುತ್ತಿದೆ ಎಂದು ತಾನೇ ಹೇಳುವ ವ್ಯವಸ್ಥೆ. ತಕ್ಕಡಿಯ ಕೇಬಲ್ಲನ್ನು ಯುಎಸ್‌ಬಿಗೆ ಹೊಂದಿಸಲು ಸಂಘಕ್ಕೆಂದು ತಂದ ಎರಡು ಅಡಾಪ್ಟರುಗಳ ಜೊತೆಗಿದ್ದ ಪುಟ್ಟ ಸಿ.ಡಿ.ಗೆ ಗೀರು ಬಿದ್ದು ಅದು ಓಡಲೇ ಇಲ್ಲ. ಲಿನಕ್ಸ್ ಹಾಕಿ, ಅಡಾಪ್ಟರನ್ನು ಚುಚ್ಚಿದರೆ, ಸಿ.ಡಿ. ಕೇಳದೆಯೇ ಅದನ್ನು ಗುರುತಿಸಿತು. "ಬಂದಿದ್ಯಾ, ಕೂತ್ಕೋ ಅಂದಂಗೆ," ಎನ್ನುತ್ತಾರೆ ಜುಂಜೇಶ್.

ಅಡಾಪ್ಟರ್ ಎಂದರೆ ಒಂದು ಗೇಣಿನ ಕೇಬಲ್ಲು. ಒಂದು ತುದಿಗೆ ಯುಎಸ್‌ಬಿಯ ಚಪ್ಪಟೆ ಬಾಯಿ, ಇನ್ನೊಂದಕ್ಕೆ ಒಂಬತ್ತು ಸೂಜಿಯ ದಪ್ಪ ತಲೆ. ದಪ್ಪ ತಲೆ, ಸಣ್ಣ ಬಾಲ ನೋಡಿ ಸಿದ್ದಗಂಗಮ್ಮ ಅದನ್ನು 'ಓತಿಕ್ಯಾತ' ಎಂದು ಕರೆದರು. ಈಗ ಸಂಘದಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಾರೆ. ತಿಪಟೂರಿನಿಂದ ಬಂದ ಮಾರಾಟ ಪ್ರತಿನಿಧಿಯೊಬ್ಬರ ಮುಂದೆ ಪರಮಶಿವಯ್ಯನವರು ಗಂಭೀರವಾಗಿ, "ನಮ್ಮಲ್ಲಿ ಎರಡು ಓತಿಕ್ಯಾತ ಅವೆ, ತೊಂದ್ರೆ ಇಲ್ಲ," ಎಂದು ಹೇಳಿ ಅವರನ್ನು ತಬ್ಬಿಬ್ಬು ಮಾಡಿದ್ದುಂಟು.

ಒಂಬತ್ತು ಸೂಜಿಗಳಲ್ಲಿ ಜುಂಜೇಶ್ ಬಳಸುವುದು ಮೂರನ್ನೇ. ಕೈಚೀಲದಿಂದ ಒಂದು ಕೇಬಲ್ಲು ತೆಗೆದು, ಚಿಪ್ಪು ಬಿಚ್ಚಿ ತೋರಿಸುತ್ತಾರೆ.

"ಒಂಬತ್ರಲ್ಲಿ ಮೂರೇ ಸಾಕು. ಇದು ಹೇಳೋಕೆ. ಇದು ಕೇಳೋಕೆ. ಇದು ಸುಮ್ನಿರೋಕೆ."

ಸುಮ್ಮನಿರುವುದಕ್ಕೂ ಒಂದು ತಂತಿ ಬೇಕೇ?

"ಬೇಕು. ಅದು ಇಲ್ದಿದ್ರೆ ಮಿಕ್ಕಿದ್ದೆರಡು ಏನ್ ಹೇಳ್ಕೊಂಡ್ರೂ ಅರ್ಥ ಆಗಲ್ಲ. ಅದು ಏನೂ ಹೇಳಲ್ಲ, ಆದ್ರೆ ಅದರ ಮೇಲೇ ಎಲ್ಲ ನಿಂತಿರ್ತದೆ."

ಅವರ ಕೈಚೀಲದಲ್ಲಿ ಸ್ಕ್ರೂಡ್ರೈವರು, ಬೆಸುಗೆ ಕಡ್ಡಿ, ಟೇಪು ಇವುಗಳ ಜೊತೆ ಹೆಂಡತಿ ಮಂಜುಶ್ರೀ ಅವರ ಒಂದು ಹೇರ್‌ಪಿನ್ನು ಇದೆ. ಅಡಾಪ್ಟರಿನ ಹೇಳುವ ಸೂಜಿಗೂ ಕೇಳುವ ಸೂಜಿಗೂ ಆ ಪಿನ್ನನ್ನು ಸಿಕ್ಕಿಸಿ, ಕೀಲಿಮಣೆಯಲ್ಲಿ ಏನಾದರೂ ಒತ್ತುತ್ತಾರೆ. ಒತ್ತಿದ್ದೇ ಪರದೆಗೆ ವಾಪಸು ಬಂದರೆ ಅಡಾಪ್ಟರು ಸರಿಯಿದೆ ಎಂದರ್ಥ. ತಾನು ಹೇಳಿದ್ದು ತನಗೇ ಕೇಳಿಸಬೇಕು, ಅಷ್ಟೇ ಪರೀಕ್ಷೆ. "ನನ್ ಪಿನ್ನೆಲ್ಲಾ ಸಂಘದ ಪಾಲಾಯ್ತು," ಎಂದು ಮಂಜುಶ್ರೀ ದೂರುತ್ತಾರಂತೆ.

ಇವತ್ತು ಅವರು ನೋಡಿಕೊಳ್ಳುವುದು ಹದಿನಾಲ್ಕು ಜಾಗಗಳನ್ನು. ಕೊಬ್ಬರಿ ತೂಗುವ ಏಳು ಕಡೆ, ಹಾಲು ಅಳೆಯುವ ಮೂರು ಕಡೆ, ಹುಳಿಯಾರಿನ ಒಂದು ಲಾರಿ ತೂಗುವ ಜಾಗ, ಒಂದು ಅಕ್ಕಿ ಗಿರಣಿ, ರಕ್ತ ಪರೀಕ್ಷೆಯ ಹಳೆಯ ಯಂತ್ರವಿರುವ ಒಂದು ಸಣ್ಣ ಲ್ಯಾಬು, ತುರುವೇಕೆರೆಯ ಒಂದು ಮುದ್ರಣಾಲಯ. ಒಟ್ಟು ಇಪ್ಪತ್ತಮೂರು ಅಡಾಪ್ಟರು. ವಾರಕ್ಕೆ ಆರು ದಿನ ಬಸ್ಸು. ತೂಕದ ದಿನದ ಹಿಂದಿನ ಸಂಜೆಯೇ ಬಂದು ಜಗಲಿಯ ಮೇಲೆ ಖಾಲಿ ಗೋಣಿ ಹಾಸಿ ಮಲಗುತ್ತಾರೆ. ತೂಗುವ ಕಡೆಯಲ್ಲೆಲ್ಲ ಬೆಳಗ್ಗೆ ಎದ್ದು ಮಾಡುವ ಮೊದಲ ಕೆಲಸ ಒಂದೇ: ತೂಕ ಗೊತ್ತಿರುವುದನ್ನು ಇಟ್ಟು ನೋಡುವುದು. ಅಭ್ಯಾಸ ಹಿಡಿದದ್ದು 2006ರ ಮೇ ತಿಂಗಳಾದ ಮೇಲೆ.

ಆ ಮೇ ತಿಂಗಳ ವಿಷಯವನ್ನು ಇಲ್ಲಿಯ ಜನ ಸುಲಭಕ್ಕೆ ಎತ್ತುವುದಿಲ್ಲ. ಊರಿನ ಹೆಸರು ಬರೆಯಬೇಡಿ ಎಂದು ಸಂಘದವರು ಕೇಳಿಕೊಂಡಿರುವುದೂ ಅದಕ್ಕೇ.

ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಇಳಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಡಲೊಡ ಎಂದರೆ ಮಾತ್ರ ಸುಲಿಯುವುದು ಈ ಕಡೆಯ ಕ್ರಮ. ಕಿವಿಯ ಮೇಲೆ ಅಷ್ಟು ನಂಬಿಕೆಯಿರುವ ಜನ ಚೀಟಿಯ ಮೇಲಿನ ಅಂಕಿಯನ್ನು ಅಷ್ಟಾಗಿ ನೋಡುವುದಿಲ್ಲ. ಆ ವರ್ಷ ಮೊದಲು ನೋಡಿದ್ದು ಕಾಳಕ್ಕ. ಪಕ್ಕದ ಹಟ್ಟಿಯವರು, ಹನ್ನೆರಡು ಮರದ ಒಡತಿ. ಓದು ಬರುವುದಿಲ್ಲ. ತಮ್ಮ ಅರೆಚೀಲವನ್ನು ತಲೆಯ ಮೇಲೆ ಹೊತ್ತುಕೊಂಡೇ ತರುತ್ತಾರೆ. ಚೀಟಿಯಲ್ಲಿ ಎಷ್ಟು ಬರೆದಿದೆ ಎಂದು ಯಾರನ್ನೋ ಕೇಳಿದರು. ಹದಿನೆಂಟು ಎಂದರು ಅವರು.

"ಹದ್ನೆಂಟು ಕೇಜಿ ಆಗಿದ್ರೆ ನನ್ ಕುತ್ಗೆ ಹಿಂಗೆ ನೋಯ್ತಿತ್ತೇನ್ಲಾ?" ಎಂದು ಕಾಳಕ್ಕ ಗೋದಾಮಿನ ಬಾಗಿಲಲ್ಲಿ ನಿಂತು ಕೂಗಿದ್ದನ್ನು ಆವತ್ತಿದ್ದವರು ಈಗಲೂ ಅನುಕರಿಸಿ ತೋರಿಸುತ್ತಾರೆ. "ನಾನ್ ಹೊತ್ತಿದ್ದು ಮೂವತ್ತು. ನಿನ್ ಕಂಪೂಟ್ರು ಏನ್ ಹೊತ್ತದೆ? ಕೂತಲ್ಲೇ ಕೂತದೆ!"

ಹುಡುಕುತ್ತಾ ಹೋದರೆ ಅದೊಂದೇ ಅಲ್ಲ. ಮೂರು ವಾರದಲ್ಲಿ ಎರಡು ದಿನ, ಎಡಗಡೆ ತೂಗಿದವರ ತೂಕ ಬಲಗಡೆಯವರ ಹೆಸರಿಗೆ, ಬಲಗಡೆಯವರದು ಎಡಗಡೆಯವರ ಹೆಸರಿಗೆ ಹೋಗಿತ್ತು. ಕಾಳಕ್ಕನ ಮೂವತ್ತು ಕೆ.ಜಿ. ಸೇರಿದ್ದು ಪಕ್ಕದ ಸಾಲಿನಲ್ಲಿದ್ದ ತಿಪ್ಪಯ್ಯನ ಚೀಟಿಗೆ. ಅವನು ಬಾಯಿ ಬಿಟ್ಟಿರಲಿಲ್ಲ. ಹೆಚ್ಚು ಬಂದವರು ಯಾರೂ ಬಿಟ್ಟಿರಲಿಲ್ಲ. ಆಗ ತೂಕ ಪರದೆಯ ಮೇಲೆ ತಾನಾಗಿ ಕಾಣುತ್ತಿರಲಿಲ್ಲ. ಸಿದ್ದಗಂಗಮ್ಮ ಗುಂಡಿ ಒತ್ತಿದಾಗ ಚೀಟಿ ಬರುತ್ತಿತ್ತು. ಆ ಎರಡು ದಿನ ಒಂದೇ ತಕ್ಕಡಿಯ ಮೇಲೆ ಚೀಲವಿದ್ದಾಗ ಸೊನ್ನೆ ಎಂದು ಬರುತ್ತಿತ್ತಂತೆ. ಯಂತ್ರಕ್ಕೆ ಎಚ್ಚರವಾಗಲು ಹೊತ್ತು ಬೇಕೇನೋ ಎಂದುಕೊಂಡು ಅವರು ಮತ್ತೆ ಒತ್ತುತ್ತಿದ್ದರು. ಅಷ್ಟರಲ್ಲಿ ಪಕ್ಕದ ತಕ್ಕಡಿಗೂ ಚೀಲ ಬಿದ್ದಿರುತ್ತಿತ್ತು, ಒಂದು ಅಂಕಿ ಬರುತ್ತಿತ್ತು.

ಸಭೆ ಸೇರಿತು. ಮಾತು ತೂಕದಿಂದ ಶುರುವಾಗಿ ಬೇಗನೆ ಸಿದ್ದಗಂಗಮ್ಮನವರ ಕುರ್ಚಿಗೆ ಬಂತು. ಆ ಕುರ್ಚಿಯ ಮೇಲೆ ಇಬ್ಬರ ಕಣ್ಣಿತ್ತು ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ಹೆಂಗಸರ ಕೈಗೆ ತೂಕ ಕೊಟ್ಟದ್ದೇ ತಪ್ಪು ಎಂದು ಒಬ್ಬರು ಹೇಳಿದರು. ಬೇಕೆಂದೇ ಬದಲಾಯಿಸಿದ್ದಾಳೆ ಎಂದು ಇನ್ನೊಬ್ಬರು ಹೇಳಲಿಲ್ಲ, ಹೇಳಿದಂತೆ ಮಾಡಿದರು. ಹೇಳಿ ಕಳಿಸಿದ್ದರಿಂದ ಜುಂಜೇಶ್ ಬೆಳಗ್ಗೆಯೇ ಬಂದು ಕಂಪ್ಯೂಟರಿನ ಬೆನ್ನ ಹಿಂದೆ ಕುಳಿತಿದ್ದರು. ಎರಡೂ ಅಡಾಪ್ಟರುಗಳನ್ನು ಕಿತ್ತು, ನೋಡಿ, ಒಂದರ ಚಪ್ಪಟೆ ಬಾಯನ್ನು ಶರ್ಟಿನ ತುದಿಯಿಂದ ಒರೆಸಿ, ಮತ್ತೆ ಚುಚ್ಚಿದ್ದರು.

ಪರಮಶಿವಯ್ಯನವರು ಸಭೆಯಲ್ಲಿ ಕೇಳಿದ ಪ್ರಶ್ನೆ ನಡಾವಳಿ ಪುಸ್ತಕದಲ್ಲೂ ಇದೆ: ಕಂಪ್ಯೂಟರನ್ನು ಯಾರಾದರೂ ಮುಟ್ಟಿದ್ದರೇ?

"ನಾನ್ಯಾಕೆ ಮುಟ್ಲಿ, ಆನ್ ಮಾಡೋದು, ಒತ್ತೋದು, ಅಷ್ಟೇಯ," ಎಂದರು ಸಿದ್ದಗಂಗಮ್ಮ.

"ಯಾರೂ ಮುಟ್ಟಿಲ್ಲ ಯಜಮಾನ್ರೇ," ಎಂದರು ಜುಂಜೇಶ್. "ವೈರ್ ಹಾಕಿದ್ದು ನಾನು. ತಪ್ಪು ನಂದೇ."

ಸಭೆ ಅಲ್ಲಿಗೆ ಮುಗಿಯಿತು. ಸಿದ್ದಗಂಗಮ್ಮ ಕುರ್ಚಿಯಲ್ಲೇ ಉಳಿದರು. ಕಂಪ್ಯೂಟರಿಗೆ ಗೋಣಿ ಹೊದಿಸಿದರು. ಅಟ್ಟದಿಂದ ಕಲ್ಲಿಟ್ಟು ತೂಗುವ ಹಳೆಯ ದೊಡ್ಡ ತಕ್ಕಡಿ ಇಳಿಯಿತು. ಸುದ್ದಿ ಬಸ್ಸಿಗಿಂತ ಬೇಗ ಓಡಿತು. ಮಾಯಸಂದ್ರದ ಕಡೆಯ ಎರಡು ಜಾಗದವರು ಇನ್ನು ಬರಬೇಡ ಎಂದು ಹೇಳಿ ಕಳಿಸಿದರು, ಮೂರನೆಯವರು ಹೇಳಿ ಸಹ ಕಳಿಸಲಿಲ್ಲ. ಜುಂಜೇಶ್ ಆ ಮಳೆಗಾಲವಿಡೀ ಹಟ್ಟಿಯಲ್ಲೇ ಇದ್ದರು. ಬೆಳಗ್ಗೆ ಅಪ್ಪನ ಕುರಿ ಹೊಡೆದುಕೊಂಡು ಹೋಗುವುದು, ಕರೆದವರ ತೋಟದಲ್ಲಿ ಕಾಯಿ ಸುಲಿಯುವುದು. ದಿನಕ್ಕೆ ಎಂಟು ನೂರು ಕಾಯಿ ಸುಲಿದರು ಎಂದು ಗೊಲ್ಲರಪ್ಪನವರು ಹೇಳುತ್ತಾರೆ. ಮಗ ಆರು ನೂರು ಎಂದು ತಿದ್ದುತ್ತಾರೆ.

ತಪ್ಪು ಏನೆಂದು ಅವರಿಗೆ ಆಗಲೇ ಗೊತ್ತಿತ್ತು. ಕಂಪ್ಯೂಟರು ಎದ್ದಾಗ ಮೊದಲು ಕಣ್ಣಿಗೆ ಬಿದ್ದ ಅಡಾಪ್ಟರಿಗೆ ಸೊನ್ನೆ ಎಂದು ಹೆಸರಿಡುತ್ತದೆ, ಆಮೇಲಿನದಕ್ಕೆ ಒಂದು. ಸೊನ್ನೆ ಎಂದರೆ ಎಡ, ಒಂದು ಎಂದರೆ ಬಲ ಎಂದು ಜುಂಜೇಶ್ ಬರೆದಿಟ್ಟಿದ್ದರು. ಎರಡು ಅಡಾಪ್ಟರುಗಳು ಅದಲುಬದಲು ಕಿಂಡಿಗೆ ಬಿದ್ದರೆ ಹೆಸರೂ ಅದಲುಬದಲು. ಯಂತ್ರದ ಲೆಕ್ಕದಲ್ಲಿ ಏನೂ ತಪ್ಪಿಲ್ಲ. ಎರಡೂ ಒಂದೇ ಕಂಪನಿಯ, ಒಂದೇ ನೀಲಿ ಬಣ್ಣದ, ಗುರುತಿನ ಸಂಖ್ಯೆಯೂ ಇಲ್ಲದ ಅಗ್ಗದ ಅಡಾಪ್ಟರುಗಳು. ಹೊರಗಿನಿಂದ ಯಾರಿಗೂ ಗೊತ್ತಾಗುವಂತಿರಲಿಲ್ಲ.

ದಾರಿ ಸಿಕ್ಕಿದ್ದು ಕುರಿ ಎಣಿಸುವಾಗ. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಮಗ ಯಾವ ಕುರಿ ಬಂತು, ಯಾವುದು ಬರಲಿಲ್ಲ ಎಂದು ತಡವರಿಸುತ್ತಿದ್ದಾಗ ಗೊಲ್ಲರಪ್ಪನವರಿಗೆ ಸಿಟ್ಟು ಬಂತು.

"ಮುಂದೆ ಬಂದಿದ್ದೇ ಮೊದಲ್ನೇ ಕುರಿ ಅಂತ ಎಣಿಸ್ತಾ ನಿಂತ್ಕೊಂಡಿದ್ಯಲ್ಲ, ದಿನಾ ಒಂದೇ ಕುರಿ ಮುಂದೆ ಬತ್ತದೇನ್ಲಾ? ಕಿವಿ ನೋಡ್ಲಾ, ಕಿವಿ! ಕಚ್ಚು ಹಾಕಿರೋದು ಯಾಕೆ?"

ಹಟ್ಟಿಗಳಲ್ಲಿ ಒಂದೊಂದು ಮನೆಯ ಕುರಿಯ ಕಿವಿಗೂ ಒಂದೊಂದು ಬಗೆಯ ಕಚ್ಚು ಇರುತ್ತದೆ. ಹಿಂಡಿನಲ್ಲಿ ಎಲ್ಲೇ ಇರಲಿ, ಯಾವ ಬಾಗಿಲಿಂದಲೇ ಬರಲಿ, ಕಿವಿ ನೋಡಿದರೆ ಯಾರದು ಎಂದು ಗೊತ್ತಾಗುತ್ತದೆ. ಜುಂಜೇಶ್ ಮಾರನೆಯ ವಾರ ತುಮಕೂರಿಗೆ ಹೋಗಿ ಬೇರೆ ಕಂಪನಿಯ ಒಂದು ಅಡಾಪ್ಟರು ತಂದರು, ಬೂದು ಬಣ್ಣದ್ದು. ಕಂಪ್ಯೂಟರು ಕೇಳಿದಾಗ ಪ್ರತಿ ಅಡಾಪ್ಟರೂ ತನ್ನನ್ನು ಮಾಡಿದವರ ಸಂಖ್ಯೆಯನ್ನು ಹೇಳುತ್ತದೆ. ಅದೇ ಕಿವಿಯ ಕಚ್ಚು. ಲಿನಕ್ಸಿನ ಒಂದು ಕಡತದಲ್ಲಿ ಎರಡು ಸಾಲು ಬರೆದರು: ಈ ಸಂಖ್ಯೆ ಹೇಳುವುದು ಯಾವ ಕಿಂಡಿಗೇ ಬರಲಿ, ಅದು 'ಎಡ'. ಆ ಸಂಖ್ಯೆಯದು 'ಬಲ'. ಸೊನ್ನೆ, ಒಂದು ಎಂಬುದಕ್ಕೆ ಇನ್ನು ಕೆಲಸವಿಲ್ಲ.

ಬರೆದದ್ದೇನೋ ಆಯಿತು, ಹಾಕಲು ಕರೆಯುವವರಿರಲಿಲ್ಲ. ದೊಡ್ಡ ತಕ್ಕಡಿಯಲ್ಲಿ ತೂಗಿ ಲಾರಿ ಎರಡು ಸಲ ತಪ್ಪಿದ ಮೇಲೆ ದಸರೆಯ ಹೊತ್ತಿಗೆ ಸಂಘ ಮತ್ತೆ ಸಭೆ ಸೇರಿತು. ಬೇರೆಯವರನ್ನು ಕರೆಸೋಣ ಎಂದರು ಕೆಲವರು. ಆಗ ಎದ್ದು ನಿಂತವರು ಕಾಳಕ್ಕ.

"ಬ್ಯಾರೆಯೋನು ಬಂದು ತಪ್ಪಾದ್ರೆ ನಂದಲ್ಲ ಅಂತಾನೆ. ಇವ್ನು ನಂದು ಅಂದ. ನಂದು ಅಂದೋನ್ ಕೈಲೇ ಮಾಡ್ಸಿ."

ಪರಮಶಿವಯ್ಯನವರು ತಾವೇ ಮೊಪೆಡ್ಡಿನಲ್ಲಿ ಹಟ್ಟಿಗೆ ಹೋಗಿ ಕರೆದುಕೊಂಡು ಬಂದರು. ದಾರಿಯಲ್ಲಿ ಏನು ಮಾತಾಡಿದಿರಿ ಎಂದು ಕೇಳಿದರೆ, "ಏನ್ ಮಾತಾಡೋದು?" ಎನ್ನುತ್ತಾರೆ ಪರಮಶಿವಯ್ಯ. "ನಾನು ಹೊಡೀತಿದ್ದೆ, ಅವನು ಹಿಂದೆ ಕೂತಿದ್ದ."

ಈ ಬರಹಕ್ಕಾಗಿ ಮೂರು ದಿನ ಮಾತಾಡಿದಾಗಲೂ ಆ ತಪ್ಪು ಹೇಗಾಯಿತು ಎಂಬ ಪ್ರಶ್ನೆಗೆ ಜುಂಜೇಶರ ಉತ್ತರ ಒಂದೇ. "ನಾಲ್ಕು ಜನ ಓಡಾಡೋ ಜಾಗ. ಕೈ ತಗುಲ್ತದೆ. ತಗುಲಿದ್ರೂ ಕೆಡದಂಗೆ ಮಾಡ್ಬೇಕಾಗಿತ್ತು, ಮಾಡಿರ್ಲಿಲ್ಲ." ಯಾರ ಕೈ ಎಂದರೆ, ಮೂರು ತಂತಿಯ ಚಿಪ್ಪನ್ನು ಮುಚ್ಚಿ ಸ್ಕ್ರೂ ತಿರುಗಿಸತೊಡಗುತ್ತಾರೆ. ಆಸೆ ಏನೆಂದು ಕೇಳಿದರೆ ಅದಕ್ಕೆ ಉತ್ತರವಿದೆ. "ಈ ತಕ್ಕಡಿಗಳು ಇನ್ನೊಂದೈದು ವರ್ಷ ಮಾತಾಡ್ಲಿ. ಗುಜರಿಗೆ ಹೋಗೋ ದಿನವೂ ಸರಿಯಾದ್ ತೂಕ ಹೇಳ್ಕೊಂಡೇ ಹೋಗ್ಲಿ."

ಉಳಿದದ್ದನ್ನು ಹೇಳಿದವರು ಸಿದ್ದಗಂಗಮ್ಮ. ಲಾರಿ ಹೋಗಿ, ಗೋದಾಮು ಖಾಲಿಯಾಗಿ, ಜುಂಜೇಶ್ ಬಸ್ಸಿಗೆ ಹೊರಟ ಮೇಲೆ. ಬರೆಯಿರಿ ಎಂದು ಅವರೇ ಹೇಳಿದ್ದರಿಂದ ಇಲ್ಲಿ ಬರೆಯಲಾಗಿದೆ.

ಪ್ರತಿ ಸೋಮವಾರ ಅವರು ತಕ್ಕಡಿಗಳನ್ನೂ ಕಂಪ್ಯೂಟರನ್ನೂ ಒರೆಸಿ, ವಿಭೂತಿ ಹಚ್ಚಿ, ಹೂವಿಟ್ಟು ಕೈ ಮುಗಿಯುತ್ತಾರೆ. 2006ರ ಬೇಸಿಗೆಯಲ್ಲಿ ಸೆಕೆ ಎಂದು ಮೇಜನ್ನು ಕಿಟಕಿಯ ಕಡೆಗೆ ತಿರುಗಿಸಿದ್ದರು. ಅಲ್ಲಿಯವರೆಗೆ ಗೋಡೆಗೆ ಅಂಟಿದ್ದ ಕಂಪ್ಯೂಟರಿನ ಬೆನ್ನು ಮೊದಲ ಸಲ ಕೈಗೆ ಸಿಕ್ಕಿತ್ತು. ಎಂಟು ತಿಂಗಳ ಧೂಳು. ಓತಿಕ್ಯಾತಗಳನ್ನು ಕಿತ್ತು ಒರೆಸಿ, ಅವಕ್ಕೂ ವಿಭೂತಿ ಹಚ್ಚಿ, ಕಿಂಡಿ ಇದ್ದಲ್ಲಿ ಸಿಕ್ಕಿಸಿದ್ದರು. ಕೆಲವು ಸೋಮವಾರ ಹೇಗಿತ್ತೋ ಹಾಗೆ, ಕೆಲವು ಸೋಮವಾರ ಅದಲುಬದಲು.

"ಮುಟ್ಟಿದ್ರಾ ಅಂದ್ರು, ಇಲ್ಲ ಅಂದೆ. ಸುಳ್ಳು ಹೇಳ್ಲಿಲ್ಲ ಕಣ್ರೀ ನಾನು. ಪೂಜೆ ಮಾಡೋದು ಮುಟ್ಟಿದ್ ಲೆಕ್ಕ ಅಂತ ಯಾರಿಗ್ ಹೊಳೀತದೆ? ಆವತ್ತು ಬೆಳಗ್ಗೆ ಅವನು ಅಂಗಿ ತುದೀಲಿ ಏನೋ ಒರೆಸಿದ್ದು ನೋಡ್ದೆ. ಧೂಳು ಅಂದ್ಕೊಂಡೆ, ವಿಭೂತಿ ಅಂತ ಆಗ ಗೊತ್ತಾಗ್ಲಿಲ್ಲ."

ಅದು ಅವರಿಗೆ ತಿಳಿದದ್ದು ಜುಂಜೇಶ್ ವಾಪಸು ಬಂದು ಹೊಸ ಅಡಾಪ್ಟರು ಹಾಕಿದ ದಿನ. ಹೊರಡುವಾಗ ಬಾಗಿಲಲ್ಲಿ ನಿಂತು, ಕಂಪ್ಯೂಟರಿನ ಕಡೆಗೂ ನೋಡದೆ, ಅವರ ಕಡೆಗೂ ನೋಡದೆ, ಒಂದು ಮಾತು ಹೇಳಿದರಂತೆ.

"'ಅಕ್ಕಾ, ಈಗ ವೈರು ಕಿತ್ತು ಹೆಂಗ್ ಹಾಕಿದ್ರೂ ಏನೂ ಆಗಲ್ಲ, ಸೋಮವಾರ ನಿಮ್ ಪಾಡಿಗೆ ನೀವು ಒರೆಸ್ಕೊಳಿ' ಅಂದ. ಅಷ್ಟೇ ಅಂದು ಹೋದ. ಈಗ ಆಗಲ್ಲ ಅಂದ್ರೆ? ಆಗ ಆಗಿತ್ತು ಅಂತ ತಾನೆ? ರೊಟ್ಟಿ ತಟ್ತಾ ಇದ್ದೆ, ಸಂಜೆ, ಆವಾಗ ಹೊಳೀತು."

ಅವರನ್ನು ಕೇಳಿದಿರಾ?

"ಏನಂತ ಕೇಳ್ಲಿ? ಕೇಳಿದ್ರೆ ಇಲ್ಲ ಅಂತಾನೆ. ಪ್ರತಿ ತೂಕದ ದಿನ ಬೆಳಗ್ಗೆ ಆ ಕಲ್ಲು ಇಟ್ಟು ಇಟ್ಟು ನೋಡ್ತಾನಲ್ಲ, ಆಗೆಲ್ಲ ಏನಾದ್ರೊಂದು ತಮಾಷೆ ಮಾಡ್‌ಬುಡ್ತೀನಿ."

ಸೋಮವಾರ ಈಗಲೂ ಪೂಜೆ ನಡೆಯುತ್ತದೆ. ನೀಲಿಯದಕ್ಕೂ ಬೂದು ಬಣ್ಣದ್ದಕ್ಕೂ ವಿಭೂತಿ ಇದೆ. ಜುಂಜೇಶ್ ಮಂಗಳವಾರ ಬೆಳಗ್ಗೆ ಎದ್ದು, ಕಲ್ಲನ್ನು ಎಡಕ್ಕಿಟ್ಟು, ಬಲಕ್ಕಿಟ್ಟು, ಮತ್ತೆ ಎಡಕ್ಕಿಡುತ್ತಾರೆ. ಆ ಮೇ ತಿಂಗಳಲ್ಲಿ ತಂತಿ ಕಿತ್ತವರು ಯಾರು ಎಂದು ಅವರು ಸಭೆಯಲ್ಲಿ ಹೇಳಲಿಲ್ಲ, ಹಟ್ಟಿಯಲ್ಲಿ ಅಪ್ಪನಿಗೆ ಹೇಳಲಿಲ್ಲ, ಮಂಜುಶ್ರೀಗೆ ಹೇಳಲಿಲ್ಲ, ಈ ಬರಹಕ್ಕಾಗಿ ಕೇಳಿದಾಗಲೂ ಹೇಳಿಲ್ಲ.